ಶಸ್ತ್ರಚಿಕಿತ್ಸಾ ಕೊಠಡಿಗೊಂದು ಕೊಟ್ಟಿಗೆಯ ಬಾಗಿಲು

ಪಶು ಆಸ್ಪತ್ರೆಗಳ ಕಟ್ಟಡಕ್ಕೂ ಶುಚಿತ್ವಕ್ಕೂ ಹೊಣೆ ಹೊತ್ತ ಮಾನ್ಯ ಮುಖ್ಯ ಅಧಿಕಾರಿಗಳೇ,

ನಿಮ್ಮ ಪಶು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲು ಹೊರಕ್ಕೆ ತೆರೆಯುತ್ತದೆ. ಅದಕ್ಕೆ ಹೊರಗಡೆಯಿಂದ ಕಬ್ಬಿಣದ ಚಿಲಕವಿದೆ. ಕೈ ತೊಳೆದುಕೊಂಡು ಬಂದ ವೈದ್ಯೆ ಆ ಚಿಲಕವನ್ನು ಎಳೆಯದೆ ಒಳಗೆ ಕಾಲಿಡಲಾರರು. ನನ್ನ ದೂರು ಇಷ್ಟೇ. ಇಷ್ಟರಲ್ಲೇ ಅರ್ಥವಾಗುವವರು ಮುಂದೆ ಓದಬೇಕಾಗಿಲ್ಲ. ಆದರೆ ನಿಮಗೆ ಅರ್ಥವಾಗಿಲ್ಲ ಎಂಬುದಕ್ಕೆ ನಿಮ್ಮದೇ ಸಹಿಯಿರುವ ಪತ್ರ ನನ್ನ ಮುಂದಿದೆ. ಆದ್ದರಿಂದ ಬಿಡಿಸಿ ಹೇಳುತ್ತೇನೆ, ಎಲ್ಲರ ಎದುರಿಗೇ ಹೇಳುತ್ತೇನೆ. ನಿಮಗೊಬ್ಬರಿಗೇ ಹೇಳಿದ್ದಕ್ಕೆ ಸಿಕ್ಕ ಮರ್ಯಾದೆ ಸಾಕಾಗಿದೆ.

'ಈ ಹೆಂಗಸಿಗೇನು ಗೊತ್ತು' ಎಂದು ನೀವು ಕೇಳುವ ಮೊದಲೇ ನಾನು ಯಾರೆಂದು ಹೇಳಿಬಿಡುತ್ತೇನೆ. ಮನುಷ್ಯರ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮೂವತ್ತೊಂದು ವರ್ಷ ಸಹಾಯಕಿಯಾಗಿದ್ದವಳು ನಾನು. ಕತ್ತರಿ, ಚಿಮಟಗಳನ್ನು ತೊಳೆದು, ಕುದಿಸಿ, ಬಟ್ಟೆಯಲ್ಲಿ ಸುತ್ತಿ ಜೋಡಿಸುವುದು ನನ್ನ ಕೆಲಸ. ನನ್ನ ಓದು ಏಳನೇ ತರಗತಿಗೆ ನಿಂತಿತು. ಆದರೂ ಹೆಸರಾಂತ ಸರ್ಜನ್ನರನ್ನು, "ಸಾರ್, ನಿಮ್ಮ ಕಿರುಬೆರಳು ಟ್ರಾಲಿಗೆ ತಗುಲ್ತು, ಹೋಗಿ ಇನ್ನೊಂದು ಸಲ ತೊಳ್ಕೊಂಡು ಬನ್ನಿ" ಎಂದು ವಾಪಸ್ ಅಟ್ಟಿದ್ದೇನೆ. ಅವರು ಹಲ್ಲು ಕಡಿಯುತ್ತ ಹೋಗುತ್ತಿದ್ದರು, ತೊಳೆದುಕೊಂಡು ಬರುತ್ತಿದ್ದರು. ಒಬ್ಬರಂತೂ ನನಗೆ 'ಅತ್ತೆಮ್ಮ' ಎಂದು ಹೆಸರಿಟ್ಟಿದ್ದರು. ಇಟ್ಟುಕೊಳ್ಳಲಿ ಬಿಡಿ. ಅವರು ಹೊಲಿದ ಹೊಟ್ಟೆಗಳು ಒಡೆಯಲಿಲ್ಲ, ನನಗೆ ಅಷ್ಟು ಸಾಕಿತ್ತು.

ಶಸ್ತ್ರಚಿಕಿತ್ಸಾ ಕೊಠಡಿಗೆ ಒಳಕ್ಕೆ ತೆರೆಯುವ ತೂಗುಬಾಗಿಲು ಯಾಕಿರುತ್ತದೆ ಎಂದು ನಿಮಗೆ ಯಾರೂ ಹೇಳಿಕೊಟ್ಟಂತಿಲ್ಲ. ಕೈ ತೊಳೆದವರು ಆ ಎರಡು ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಬೆನ್ನು ತಿರುಗಿಸಿ, ಬೆನ್ನಿನಿಂದಲೇ ಬಾಗಿಲನ್ನು ತಳ್ಳಿ ಒಳಗೆ ಹೋಗುತ್ತಾರೆ. ಕೈ ಯಾವುದನ್ನೂ ಮುಟ್ಟುವುದಿಲ್ಲ. ನೋಡುವವರಿಗೆ ದೊರೆಯ ಆಸ್ಥಾನದಿಂದ ಹಿಂದೆ ಹಿಂದೆ ಸರಿಯುವ ಸೇವಕನ ಹಾಗೆ ಕಾಣಬಹುದು. ಆದರೆ ನೂರಾರು ವರ್ಷ ಜನ ಸತ್ತು ಸತ್ತು ಕಲಿತ ಪಾಠ ಅದು. ನಿಮ್ಮ ಆಸ್ಪತ್ರೆಯಲ್ಲಿ ನಲ್ಲಿಯನ್ನು ಕಾಲಿನಿಂದ ಒತ್ತಿ ತೆರೆಯುವ ಏರ್ಪಾಡಿದೆ, ಒಪ್ಪಿದೆ, ತುಂಬ ಸೊಗಸಾಗಿದೆ. ಕೈ ನಲ್ಲಿಗೆ ತಗುಲಬಾರದೆಂದು ಅಷ್ಟು ಯೋಚನೆ ಮಾಡಿದವರು, ಅಲ್ಲಿಂದ ನಾಲ್ಕೇ ಹೆಜ್ಜೆ ಆಚೆ ಅದೇ ಒದ್ದೆ ಕೈಗೆ ಚಿಲಕ ಕೊಟ್ಟಿದ್ದೀರಲ್ಲ, ನಡುವಿನ ನಾಲ್ಕು ಹೆಜ್ಜೆಯಲ್ಲಿ ನಿಮ್ಮ ಯೋಚನೆ ಎಲ್ಲಿ ಬಿದ್ದುಹೋಯಿತು?

ಈಗ ನನ್ನ ಮನೆಯ ಕಥೆ. ನನ್ನ ತಮ್ಮನಿಗೆ ಕಣ್ಣು ಕಾಣುವುದಿಲ್ಲ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಕಾಯಿಲೆ ಬಂದು ದೃಷ್ಟಿ ಹೋಯಿತು. ಈಗ ಐವತ್ನಾಲ್ಕು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಧ್ವನಿವರ್ಧಕದಲ್ಲಿ ಹೇಳುವ ದನಿ ಇದೆಯಲ್ಲ, ಅದು ಅವನದು. ಬಸ್ಸು ತಿರುವಿನಲ್ಲಿರುವಾಗಲೇ ಎಂಜಿನ್ ಸದ್ದು ಕೇಳಿ ಯಾವ ಮಾರ್ಗದ್ದೆಂದು ಹೇಳುತ್ತಾನೆ. ಮನೆಯಲ್ಲಿ ಇರುವುದು ಅವನು, ನಾನು, ಮತ್ತೆ ಮೇಷ್ಟ್ರು.

ಮೇಷ್ಟ್ರು ಎಂದರೆ ನಾಯಿ. ಕುರುಡರಿಗೆ ದಾರಿ ತೋರಿಸಲೆಂದೇ ಪಳಗಿಸಿದ ನಾಯಿ. ಮನೆಗೆ ಬಂದ ದಿನ ಏನು ಹೆಸರಿಡೋಣ ಎಂದು ನಾನು ಕೇಳಿದ್ದಕ್ಕೆ ತಮ್ಮ, "ದಾರಿ ಕಲಿಸೋರನ್ನ ಮೇಷ್ಟ್ರು ಅನ್ನದೆ ಇನ್ನೇನಕ್ಕಾ ಅನ್ನೋದು?" ಎಂದ. ಅಂದಿನಿಂದ ನಮ್ಮ ಮನೆಯಲ್ಲಿ ಬಹುವಚನ. ಮೇಷ್ಟ್ರು ಊಟ ಮಾಡಿದರು, ಮೇಷ್ಟ್ರು ಮಲಗಿದರು, ಮೇಷ್ಟ್ರು ಬೆಕ್ಕನ್ನು ನೋಡಿ ಮಾನ ಮರ್ಯಾದೆ ಮರೆತು ಬೊಗಳಿದರು. ಏಳು ವರ್ಷದಿಂದ ತಮ್ಮ ಒಬ್ಬನೇ ಮನೆಯಿಂದ ಹೊರಟು, ಎರಡು ದೊಡ್ಡ ರಸ್ತೆ ದಾಟಿ, ಕೆಲಸಕ್ಕೆ ಹೋಗಿ ಬರುತ್ತಿದ್ದಾನೆ. ಆ 'ಒಬ್ಬನೇ' ಎಂಬ ಪದದ ಬೆಲೆ ಕಣ್ಣಿರುವ ನಿಮಗೆ ಗೊತ್ತಾಗುವುದಿಲ್ಲ. ನನಗೂ ಮೊದಲು ಗೊತ್ತಿರಲಿಲ್ಲ. ಮೇಷ್ಟ್ರು ಬರುವ ಮೊದಲು ಹದಿಮೂರು ವರ್ಷ ನಾನೇ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದೆ. ಹಿಡಿದ ಕೈಯಲ್ಲಿ ಅವನ ಸಿಟ್ಟು ನನಗೆ ಗೊತ್ತಾಗುತ್ತಿತ್ತು.

ಇಂಥ ಮೇಷ್ಟ್ರು ಒಂದು ದಿನ ನನ್ನ ತಮ್ಮನ ಉಣ್ಣೆಯ ಕಾಲುಚೀಲ ನುಂಗಿದರು. ನಗಬೇಡಿ. ಅಥವಾ ನಗಿ, ನಾವೂ ಅವತ್ತು ನಕ್ಕಿದ್ದೆವು. ಮಾರನೇ ದಿನ ಅನ್ನ ಮುಟ್ಟಲಿಲ್ಲ, ಮೂರನೇ ದಿನ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನಿಮ್ಮ ಆಸ್ಪತ್ರೆಯ ವೈದ್ಯೆ ಹೊಟ್ಟೆ ಮುಟ್ಟಿ ನೋಡಿದ ಕೂಡಲೇ, "ಕರುಳಲ್ಲಿ ಏನೋ ಸಿಕ್ಕಾಕ್ಕೊಂಡಿದೆ, ಇವತ್ತೇ ತೆಗೀಬೇಕು" ಎಂದರು. ತೆಗೆದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಆದರೆ ಕೈ ನೋಡಿದರೆ ನನಗೆ ಗೊತ್ತಾಗುತ್ತದೆ: ಹೊಲಿಗೆ ಒಂದೇ ಅಳತೆಯದು, ಎಳೆತವಿಲ್ಲ, ಸಡಿಲವಿಲ್ಲ. ನಾನು ಕಂಡ ಎಷ್ಟೋ ದೊಡ್ಡ ಹೆಸರಿನವರು ಇಷ್ಟು ಚೆನ್ನಾಗಿ ಹೊಲಿಯುತ್ತಿರಲಿಲ್ಲ. ಈ ಪತ್ರದಲ್ಲಿ ಆ ವೈದ್ಯೆಯ ವಿರುದ್ಧ ಒಂದಕ್ಷರವಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ನಿಮ್ಮ ತಪ್ಪಿಗೆ ಆಕೆಯ ಮೇಲೆ ನೋಟಿಸು ಬರುವುದು ನಿಮ್ಮ ಕಚೇರಿಯ ಪದ್ಧತಿ ಇರಬಹುದೆಂದು ಮೊದಲೇ ಹೇಳುತ್ತಿದ್ದೇನೆ.

ಹೊಲಿಗೆ ಹಾಕಿದ ಐದನೇ ದಿನ ಗಾಯದ ಸುತ್ತ ಕೆಂಪೇರಿತು. ಆರನೇ ದಿನ ನಾನು ಪಟ್ಟಿ ಬಿಚ್ಚಿದೆ. ಆ ವಾಸನೆ ಬಂತು. ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ ಆ ವಾಸನೆಯನ್ನು. ತಮ್ಮ ಬಾಗಿಲಲ್ಲೇ ನಿಂತಿದ್ದವನು, "ಅಕ್ಕಾ, ಕೀವಾಗಿದೆ ಅಲ್ವಾ?" ಎಂದ. ಅವನಿಗೂ ಬಂದಿತ್ತು.

ಏಳನೇ ದಿನ ಆಸ್ಪತ್ರೆಗೆ ಹೋದೆವು. ನಮ್ಮನ್ನು ಒಳಗಿನ ಪಡಸಾಲೆಯ ಬೆಂಚಿನ ಮೇಲೆ ಕೂರಿಸಿದರು. ಒಂದು ಬೆಕ್ಕಿನ ಶಸ್ತ್ರಚಿಕಿತ್ಸೆ ಶುರುವಾಗುವುದರಲ್ಲಿತ್ತು. ವೈದ್ಯೆ ಸಿಂಕಿನ ಮುಂದೆ ನಿಂತು ಕೈ ತೊಳೆಯುವುದನ್ನು ನಾನು ನೋಡುತ್ತಿದ್ದೆ. ಉಗುರು, ಬೆರಳ ಸಂದು, ಮಣಿಕಟ್ಟು, ಮೊಣಕೈ, ಎಲ್ಲ ಸರಿಯಾಗಿ, ಪೂರ್ತಿ ಐದು ನಿಮಿಷ. ಮನಸ್ಸಿಗೆ ಎಷ್ಟು ಹಿತವಾಯಿತೆಂದರೆ, ಹಳೆ ಕೆಲಸಕ್ಕೆ ಮರಳಿದ ಹಾಗಿತ್ತು. ಕೈ ಎತ್ತಿ ಹಿಡಿದು ಬಾಗಿಲ ಮುಂದೆ ಬಂದರು. ಬಾಗಿಲಿಗೆ ಹೊರಗಿನಿಂದ ಚಿಲಕ. ಕಾಲಿನಿಂದ ಒದ್ದರು.

"ಅಣ್ಣಾ, ಬಾಗಿಲು!"

ಒಳಗಿನಿಂದ ಸಹಾಯಕ ಕೂಗಿದ: "ಮೇಡಂ, ನಾನು ಒಳಗಿದ್ದೀನಿ! ಬೆಕ್ಕು ಹಿಡ್ಕೊಂಡಿದ್ದೀನಿ! ಹೊರಗಿನ ಚಿಲಕ ನಾನು ಹೆಂಗ್ ತೆಗೀಲಿ?"

ಆ ಚಿಲಕಕ್ಕೆ ಬ್ಯಾಂಡೇಜ್ ಬಟ್ಟೆಯ ಒಂದು ಕುಣಿಕೆ ಕಟ್ಟಿತ್ತು. ಯಾವ ಕಾಲದಲ್ಲೋ ಬಿಳಿಯದಾಗಿದ್ದಿರಬೇಕು. ಈಗ ಮಸಿಬಟ್ಟೆಯ ಬಣ್ಣ. ವೈದ್ಯೆ ಮೊಣಕೈ ತಗ್ಗಿಸಿ ಆ ಕುಣಿಕೆಗೆ ಸಿಕ್ಕಿಸಿ ಎಳೆದರು. ಜಾರಿತು. ಇನ್ನೊಮ್ಮೆ ಎಳೆದರು. ಮತ್ತೆ ಜಾರಿತು. ಮೂರನೇ ಸಲ ಬೆರಳುಗಳು ತಾವಾಗಿಯೇ ಹೋದವು. ಎರಡು ಬೆರಳು, ಒಂದು ಕ್ಷಣ. ನಾನು "ಅಯ್ಯೋ ನಿಲ್ಲಮ್ಮಾ" ಎಂದು ಏಳುವಷ್ಟರಲ್ಲಿ ನನ್ನ ಮಂಡಿ ಕೈಕೊಟ್ಟಿತು. ಆಕೆ ನನ್ನ ಕಡೆ ನೋಡಿದರು, ತಮ್ಮ ಬೆರಳು ನೋಡಿಕೊಂಡರು, ಸಿಂಕಿಗೆ ಮರಳಿ ಮೊದಲಿನಿಂದ ತೊಳೆಯತೊಡಗಿದರು. ನಾನು ಕುಂಟುತ್ತ ಹೋಗಿ ಚಿಲಕ ತೆಗೆದು, ಬಾಗಿಲು ಹಿಡಿದು ನಿಂತೆ.

ನಾನು ಅಲ್ಲಿದ್ದೆ, ಅದಕ್ಕೆ ಬೆಕ್ಕು ಬದುಕಿತು. ಮೇಷ್ಟ್ರ ದಿನ ಯಾರಿದ್ದರು? ಆ ದಿನ ನಾಲ್ಕು ಶಸ್ತ್ರಚಿಕಿತ್ಸೆಗಳಿದ್ದವಂತೆ. ನಾಲ್ಕು ಸಲ ಆ ಬಾಗಿಲು, ನಾಲ್ಕು ಸಲ ಆ ಕುಣಿಕೆ. 'ಕೈಗವಸು ಹಾಕುತ್ತಾರಲ್ಲ' ಎಂದು ನಿಮ್ಮ ಯಾವ ಎಂಜಿನಿಯರನಾದರೂ ಬಾಯಿ ತೆರೆದರೆ ಅವನಿಗೆ ನನ್ನ ಮಾತು ತಿಳಿಸಿ: ಕೈಗವಸನ್ನು ಆಕಾಶದಿಂದ ಯಾರೂ ಬಂದು ತೊಡಿಸುವುದಿಲ್ಲ, ಅದೇ ಕೈಗಳೇ ತೊಟ್ಟುಕೊಳ್ಳಬೇಕು. ಹರಿದ ಕೈಗವಸುಗಳನ್ನು ಮೂವತ್ತೊಂದು ವರ್ಷ ಬುಟ್ಟಿಯಿಂದ ಆರಿಸಿದವಳಿಗೆ ಕೈಗವಸಿನ ಪಾಠ ಹೇಳಬೇಡಿ.

ಇಂಥ ಬಾಗಿಲು ಯಾಕೆ ಬಂತೆಂದು ಸಹಾಯಕನನ್ನು ಕೇಳಿದೆ. ಪಾಪ, ಒಳ್ಳೆಯ ಮನುಷ್ಯ. ಬೆಕ್ಕಿನ ಪರಚುಗಾಯಕ್ಕೆ ಔಷಧಿ ಸವರಿಕೊಳ್ಳುತ್ತ ಹೇಳಿದ.

"ಮೊದ್ಲು ಒಳ್ಳೆ ತೂಗುಬಾಗ್ಲೇ ಇತ್ತಮ್ಮಾ. ಬೇರೆ ಆಸ್ಪತ್ರೇಲಿ ಒಂದು ಹಸು ಕೊಟ್ಟಿಗೇಲಿ ಬಾಗ್ಲಿಗೆ ಅಡ್ಡ ಬಿತ್ತಂತೆ. ಬಾಗ್ಲು ಒಳಕ್ಕೆ ತೆಗ್ಯೋದು, ಹಸು ಅಡ್ಡ. ಒಡೆದು ತೆಗೀಬೇಕಾಯ್ತು. ಆಮೇಲೆ ಆರ್ಡರ್ ಬಂತು, ಪ್ರಾಣಿ ಇರೋ ಕೋಣೆಗೆಲ್ಲ ಹೊರಕ್ಕೆ ತೆಗ್ಯೋ ಬಾಗ್ಲು, ಹೊರಗಡೆ ಚಿಲ್ಕ."

"ಇದು ಕೊಟ್ಟಿಗೆ ಅಲ್ಲವಲ್ಲಪ್ಪ?"

"ನಾನೂ ಅದನ್ನೇ ಅಂದೆ. ಬಡಗಿ ಕಾಗದ ತೋರಿಸ್ದ. 'ಪ್ರಾಣಿ ಇರೋ ಕೋಣೆ' ಅಂತ ಬರ್ದಿದೆ ನೋಡು, ಒಳಗೆ ಪ್ರಾಣಿ ಇರುತ್ತಾ ಇಲ್ವಾ, ಅಂದ. ಇರುತ್ತೆ ಅಂದೆ. ಹಾಕ್ಬಿಟ್ಟ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಗಾದೆ ಮಾಡಿದವರು ನಿಮ್ಮ ಕಚೇರಿಯನ್ನು ನೋಡಿರಲಿಲ್ಲ, ಆದರೂ ಹೇಗೆ ಹೇಳಿಬಿಟ್ಟರೋ ನಾನರಿಯೆ. ನಿಯಮ ಮಾಡಿದ್ದು ತಪ್ಪಲ್ಲ. ಬಿದ್ದ ಹಸುವಿಗೆ ಹೊರಗೆ ತೆರೆಯುವ ಬಾಗಿಲು ಬೇಕೇ ಬೇಕು. ಆದರೆ ಟೇಬಲ್ಲಿನ ಮೇಲೆ ಅರಿವಳಿಕೆಯ ಮತ್ತಿನಲ್ಲಿ ಮಲಗಿದ ನಾಯಿ ಎದ್ದು ಹೋಗಿ ಬಾಗಿಲಿಗೆ ಅಡ್ಡ ಬೀಳುತ್ತದೆಯೇ? ಆ ನಿಯಮಕ್ಕೆ 'ಶಸ್ತ್ರಚಿಕಿತ್ಸಾ ಕೊಠಡಿಯ ಹೊರತು' ಎಂದು ಸೇರಿಸಲು ನಿಮ್ಮ ಲೇಖನಿಯಲ್ಲಿ ಶಾಯಿ ತೀರಿಹೋಗಿತ್ತೇ? ಆ ಬಾಗಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಗುಣವೂ ಇಲ್ಲ. ಚಿಲಕ ಹಾಕದಿದ್ದರೆ ಮೆಲ್ಲಗೆ ಬಾಯಿ ತೆರೆದುಕೊಂಡು ಪಡಸಾಲೆಯ ಧೂಳು, ನೊಣ, ಪರರ ಮನೆಯ ಕೋಳಿಗಳನ್ನು ಸ್ವಾಗತಿಸುತ್ತ ನಿಲ್ಲುತ್ತದೆ. ಹಾಗಾಗಿ ಕೈ ತೊಳೆಯಲು ಹೊರಗೆ ಬರುವ ವೈದ್ಯೆಯೇ ಚಿಲಕ ಹಾಕಿ ಬರಬೇಕು, ತೊಳೆದ ಮೇಲೆ ತಾವೇ ತೆಗೆಯಬೇಕು. ಅತ್ತ ದರಿ, ಇತ್ತ ಪುಲಿ.

ಬಾಗಿಲಿನ ಆಚೆಗೂ ನಿಮ್ಮ ಕೀರ್ತಿ ಹಬ್ಬಿದೆ. ಪ್ರಾಣಿಯ ಕೂದಲು ಬೋಳಿಸಲು ಪಕ್ಕದಲ್ಲೇ ಒಂದು ಕೋಣೆ ಕಟ್ಟಿದ್ದರು. ಕಟ್ಟಿದವರಿಗೆ ಬುದ್ಧಿಯಿತ್ತು. ಈಗ ಅದರ ಮೇಲೆ 'ಪರಿವೀಕ್ಷಕರ ವಿಶ್ರಾಂತಿ ಕೊಠಡಿ' ಎಂಬ ಫಲಕ, ಒಳಗೆ ಮೆತ್ತನೆಯ ಎರಡು ಕುರ್ಚಿ, ಹೊರಗೆ ಬೀಗ. ಆದ್ದರಿಂದ ಕೂದಲನ್ನು ಶಸ್ತ್ರಚಿಕಿತ್ಸೆಯ ಟೇಬಲ್ಲಿನ ಮೇಲೆಯೇ ಬೋಳಿಸುತ್ತಾರೆ, ಅದರ ನೆತ್ತಿಯ ಮೇಲೆಯೇ ಫ್ಯಾನು. ಫ್ಯಾನು ಹಾಕಿದರೆ ಕೂದಲು ಹಾರುತ್ತದೆ, ಆರಿಸಿದರೆ ವೈದ್ಯೆಯ ಹಣೆಯ ಬೆವರು ಗಾಯಕ್ಕೆ ಬೀಳುತ್ತದೆ. ನಿಮ್ಮ ಪರಿವೀಕ್ಷಕರು ವರ್ಷಕ್ಕೊಮ್ಮೆ ಬಂದು ಅರ್ಧ ಗಂಟೆ ವಿಶ್ರಮಿಸಿ ಹೋಗುತ್ತಾರಂತೆ. ಅಷ್ಟೊಂದು ದಣಿಯುವ ಹಾಗೆ ಅವರು ಏನನ್ನು ನೋಡಿದರು ಎಂದು ತಿಳಿಯಲು ನಾನು ಗೋಡೆಯ ಮೇಲಿನ ಪ್ರಶಸ್ತಿಪತ್ರ ಓದಿದೆ. ಶುಚಿತ್ವಕ್ಕೆ ನೂರಕ್ಕೆ ತೊಂಬತ್ತೆಂಟು ಅಂಕ! ನೆಲದ ಹೊಳಪು, ಫಿನಾಯಿಲ್ ವಾಸನೆ, ಕಸದ ಬುಟ್ಟಿಗಳ ಬಣ್ಣ, ಎಲ್ಲಕ್ಕೂ ಪೂರ್ತಿ. 'ಬಾಗಿಲು: ನಿಯಮಾನುಸಾರ.' ಉಳಿದ ಎರಡು ಅಂಕ ಯಾಕೆ ಹೋಯಿತೆಂದು ಕೇಳಿದರೆ, ಗೋಡೆ ಗಡಿಯಾರ ಐದು ನಿಮಿಷ ಹಿಂದಿತ್ತಂತೆ.

ಮಾರನೇ ದಿನ ನಿಮ್ಮ ಕಚೇರಿಗೇ ಬಂದೆ. ನೀವು ಸಭೆಯಲ್ಲಿದ್ದಿರಿ. ದೂರು ಬರೆಯಲು ಗುಮಾಸ್ತರು ಒಂದು ನಮೂನೆ ಕೊಟ್ಟರು. ಮೊದಲನೆಯ ಸಾಲು, ಪ್ರಾಣಿಯ ಜಾತಿ. ಎರಡನೆಯದು, ತೂಕ. ಮೂರನೆಯದು, ದಿನಕ್ಕೆ ಎಷ್ಟು ಲೀಟರ್ ಹಾಲು.

"ಇದು ನಾಯಿ ಸ್ವಾಮಿ. ಹಾಲು ಕೊಡಲ್ಲ, ಕುಡಿಯುತ್ತೆ" ಎಂದೆ.

"ಹಂಗಾದ್ರೆ ಸೊನ್ನೆ ಅಂತ ಬರೀರಿ. ಖಾಲಿ ಬಿಡಂಗಿಲ್ಲ."

"ಉಳುಮೆ ಸಾಮರ್ಥ್ಯ ಅಂತಿದೆ?"

"ಅದಕ್ಕೂ ಸೊನ್ನೆ."

ಹೀಗೆ ನನ್ನ ತಮ್ಮನನ್ನು ಏಳು ವರ್ಷ ಎರಡು ದೊಡ್ಡ ರಸ್ತೆ ದಾಟಿಸಿದ ಪ್ರಾಣಿಯ ಒಟ್ಟು ಉಪಯುಕ್ತತೆ ಸೊನ್ನೆ ಎಂದು ನನ್ನ ಕೈಯಿಂದಲೇ ಬರೆಸಿಕೊಂಡರು. ಗುಮಾಸ್ತರ ಮೇಲೆ ನನಗೆ ಕೋಪವಿಲ್ಲ, ಮಾತಾಡುತ್ತಲೇ ನನ್ನ ಮಂಡಿ ನೋಡಿ ಕುರ್ಚಿ ಎಳೆದು ಕೊಟ್ಟರು.

ಆ ಕುರ್ಚಿಯಲ್ಲಿ ಕೂತಿದ್ದಾಗಲೇ ನಾನು ಕಂಡದ್ದು. ನಿಮ್ಮ ಸಭೆಯ ಕೋಣೆಗೆ ಚಹಾ ತರುವವರು ಎರಡು ಕೈಯಲ್ಲಿ ದೊಡ್ಡ ತಟ್ಟೆ ಹಿಡಿದು ಬಂದರು. ಬಾಗಿಲ ಮುಂದೆ ಬಂದು ಬೆನ್ನು ತಿರುಗಿಸಿದರು. ಬೆನ್ನಿನಿಂದ ತಳ್ಳಿ, ಕೈ ಎಲ್ಲಿಯೂ ತಗುಲಿಸದೆ ಸಲೀಸಾಗಿ ಒಳಗೆ ಹೋದರು. ಅವರ ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಮಜಬೂತಾದ ಎರಡು ಹಲಗೆ, ಮೇಲ್ಭಾಗದಲ್ಲಿ ದುಂಡನೆಯ ಗಾಜು, ಕೆಳಗೆ ತುಕ್ಕು ಹಿಡಿಯದ ತಗಡು. ಅಂಥ ಬಾಗಿಲನ್ನು ಊಟದ ಮನೆಗೋ ಸಭೆಯ ಕೋಣೆಗೋ ಮಾಡುವುದಿಲ್ಲ. "ಇದು ಎಲ್ಲಿಂದ ಬಂತು?" ಎಂದು ಗುಮಾಸ್ತರನ್ನು ಕೇಳಿದೆ. "ಆಸ್ಪತ್ರೇಲಿ ತೆಗೆದು ಹಾಕಿದ್ದು ಅಮ್ಮಾ. ಸುಮ್ನೆ ಬಿದ್ದಿತ್ತು, ಇಲ್ಲಿಗೆ ಅನುಕೂಲ ಆಯ್ತು" ಎಂದರು. ಮಾನ್ಯರೇ, ನಾನು ಅಳುವ ಹೆಂಗಸಲ್ಲ. ಅವತ್ತು ನಿಮ್ಮ ಕಚೇರಿಯಲ್ಲಿ ನಾನು ಅಳಲಿಲ್ಲ, ಬೈದೆ. ಯಾರಿಗೂ ಕೇಳಿಸದ ಹಾಗೆ ಬೈದೆ, ಆದರೆ ನಾನು ಕಲಿತದ್ದನ್ನೆಲ್ಲ ಬೈದೆ. ನಿಮ್ಮ ಚಹಾಕ್ಕೆ ಸಿಕ್ಕ ಶುಚಿತ್ವ ಮೇಷ್ಟ್ರ ಕರುಳಿಗೆ ಸಿಗಲಿಲ್ಲ.

ಒಂಬತ್ತೇ ದಿನದಲ್ಲಿ ನಿಮ್ಮ ಉತ್ತರ ಬಂತು. ಭೇಷ್, ವೇಗಕ್ಕೆ ಕೊರತೆಯಿಲ್ಲ. ಬಾಗಿಲು ನಿಯಮದಂತೆಯೇ ಇದೆ ಎಂದು ಬರೆದಿದ್ದೀರಿ. ತೊಂಬತ್ತೆಂಟು ಅಂಕವನ್ನು ನೆನಪಿಸಿದ್ದೀರಿ. ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ನಾಲ್ಕು ಮಾತು ಗೊಣಗಿ ಸುಮ್ಮನಾಗುತ್ತಿದ್ದೆನೋ ಏನೋ. ಕೊನೆಗೆ ಇನ್ನೊಂದು ವಾಕ್ಯ ಸೇರಿಸಿದಿರಿ: 'ಪ್ರಾಣಿಯ ಮಾಲೀಕರು ದೃಷ್ಟಿಹೀನರಾಗಿರುವುದರಿಂದ, ಪ್ರಾಣಿಯು ಗಾಯವನ್ನು ನೆಕ್ಕಿಕೊಂಡಿದ್ದನ್ನು ಅವರು ಗಮನಿಸದೆ ಹೋಗಿರುವ ಸಾಧ್ಯತೆಯೇ ಸೋಂಕಿಗೆ ಕಾರಣವೆಂದು ತೋರುತ್ತದೆ.'

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೇಷ್ಟ್ರ ಕೊರಳಿಗೆ ಗಾಯ ನೆಕ್ಕದ ಹಾಗೆ ಕಟ್ಟಿದ ದೊಡ್ಡ ಪ್ಲಾಸ್ಟಿಕ್ ಕೊರಳಪಟ್ಟಿ ಇತ್ತು. ಹಗಲು ನಾನು ಕಾದೆ. ಮಲಗುವಾಗ ತಮ್ಮ ತನ್ನ ಕೈಯನ್ನು ಅದರ ಮೇಲಿಟ್ಟುಕೊಂಡೇ ನೆಲದ ಮೇಲೆ ಮಲಗಿದ. ಮನೆಗೆ ಬಂದು ನೋಡಿದಿರಾ? ಒಂದು ಮಾತು ಕೇಳಿದಿರಾ? 'ತೋರುತ್ತದೆ' ಎಂದು ಬರೆದಿರಲ್ಲ, ಯಾವ ಕಣ್ಣಿಗೆ ತೋರಿತು?

ನಾನೂ ಒಂದು ತಪ್ಪು ಮಾಡಿದೆ. ಆ ಪತ್ರವನ್ನು ತಮ್ಮನಿಗೆ ಓದಿ ಹೇಳಿದೆ. ಅವನಿಗೆ ಬಂದ ಕಾಗದಗಳನ್ನೆಲ್ಲ ನಾನೇ ಓದುವುದು, ಒಂದಕ್ಷರ ಬಿಡದೆ ಓದುವೆನೆಂದು ಇಪ್ಪತ್ತು ವರ್ಷದ ಹಿಂದೆ ಮಾತು ಕೊಟ್ಟಿದ್ದೆ. ಆ ಸಾಲು ಕಣ್ಣಿಗೆ ಬಿದ್ದಾಗ ನಾಲಿಗೆ ತಡವರಿಸಿತು. ಅವನು "ಓದು" ಎಂದ. ಓದಿಬಿಟ್ಟೆ. ಹಾಳು ನಾಲಿಗೆ ಅವತ್ತೊಂದು ದಿನ ಸುಳ್ಳು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ಅವನು ನಂಬಿದ, ಮಾನ್ಯರೇ. ಸರ್ಕಾರಿ ಕಾಗದದಲ್ಲಿ ಬಂದದ್ದನ್ನು ನಂಬುವಷ್ಟು ಒಳ್ಳೆಯವನು. "ಅಕ್ಕಾ, ನೆಕ್ಕಿದ್ರೆ ಸದ್ದಾಗುತ್ತಲ್ವಾ? ನಂಗೆ ಕೇಳಿಸ್ಬೇಕಿತ್ತು. ಹೆಂಗೆ ಕೇಳಿಸ್ಲಿಲ್ಲ?" ಎಂದು ಅದನ್ನೇ ಮೂರು ದಿನ ಕೇಳಿದ. ನೆಕ್ಕಿಲ್ಲ ಮಾರಾಯ, ನೆಕ್ಕಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ನಿಲ್ದಾಣದಲ್ಲಿ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ತಪ್ಪು ಬಸ್ಸು ಕೂಗಿದ. ನಾನು ಕೈ ಹಿಡಿದು ಮನೆಗೆ ಕರೆತರುತ್ತಿದ್ದಾಗ ದಾರಿಯಲ್ಲಿ ನಿಂತು ಹೇಳಿದ: "ಮೇಷ್ಟ್ರು ಹುಷಾರಾದ್ಮೇಲೆ ಕಣ್ಣಿರೋರ ಮನೆಗೆ ಕೊಟ್ಬಿಡೋಣ ಅಕ್ಕಾ. ಚೆನ್ನಾಗಿ ನೋಡ್ಕೋತಾರೆ. ನನ್ ಹತ್ರ ಇದ್ದು ಯಾಕೆ ಸಾಯ್ಬೇಕು ಅದು." ಏಳು ವರ್ಷದಲ್ಲಿ ಮೊದಲ ಸಲ ಮೇಷ್ಟ್ರನ್ನು 'ಅದು' ಎಂದ. ಒಂದು ವಾಕ್ಯ ಬರೆದು ನೀವು ಸಹಿ ಹಾಕಿದಿರಿ, ಅದು ನಮ್ಮ ಮನೆಯಲ್ಲಿ ಮಾಡಿದ ಕೆಲಸ ಇದು.

ಬಾಯಲ್ಲಿ ಹೇಳಿದರೆ ನಂಬುವುದಿಲ್ಲವೆಂದು ನಿನ್ನೆ ಅವನನ್ನು ನಿಮ್ಮ ಆಸ್ಪತ್ರೆಯ ಪಡಸಾಲೆಗೆ ಕರೆದುಕೊಂಡು ಹೋದೆ. ಆ ಬಾಗಿಲ ಮುಂದೆ ನಿಲ್ಲಿಸಿ, ಅವನ ಕೈ ಎತ್ತಿ ಚಿಲಕದ ಕುಣಿಕೆಯ ಮೇಲಿಟ್ಟೆ. ಅವನು ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆಯನ್ನು ನಿಧಾನವಾಗಿ ಹೊಸೆದ.

"ಒದ್ದೆ ಇದೆ. ಅಂಟು ಅಂಟು. ಕೂದ್ಲು ಹತ್ಕೊಂಡಿದೆ... ಇದು ಎಮ್ಮೇದೋ ಏನೋ, ದಪ್ಪ ಇದೆ. ಇದು ಮೆತ್ತಗಿದೆ, ಬೆಕ್ಕಿಂದು." ಮೂಗಿನ ಹತ್ತಿರ ಹಿಡಿದ. ತಕ್ಷಣ ಮುಖ ತಿರುಗಿಸಿದ. "ಅದೇ ವಾಸ್ನೆ ಅಕ್ಕಾ. ಇದನ್ನ ಯಾರು ಮುಟ್ತಾರೆ?"

"ಎಲ್ಲಾರೂ ಮುಟ್ತಾರೆ. ಡಾಕ್ಟರೂ ಮುಟ್ಬೇಕಾಗುತ್ತೆ. ಕೈ ತೊಳ್ಕೊಂಡ ಮೇಲೆ."

ಅವನು ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ, "ನಾನಲ್ಲ ಹಂಗಾದ್ರೆ" ಎಂದ. "ನೀನಲ್ಲ ಕಣೋ" ಎಂದೆ. ಅಲ್ಲಿಯೇ ಆ ಬಾಗಿಲಿಗೆ ಹಣೆಯಿಟ್ಟು ಅತ್ತುಬಿಟ್ಟ, ನನ್ನ ಐವತ್ನಾಲ್ಕು ವರ್ಷದ ತಮ್ಮ. ಎರಡು ಕಣ್ಣಿರುವ ನಿಮ್ಮ ಪರಿವೀಕ್ಷಕರು ತೊಂಬತ್ತೆಂಟು ಅಂಕ ಕೊಟ್ಟದ್ದನ್ನು ಅವನು ಎರಡು ಬೆರಳಿನಲ್ಲಿ ಓದಿ ಮುಗಿಸಿದ.

ಮೇಷ್ಟ್ರು ಈಗಲೂ ಇದ್ದಾರೆ. ಔಷಧಿಯ ಮೇಲೆ ಇದ್ದಾರೆ. ಒಳಗಿನ ಹೊಲಿಗೆಯ ಹತ್ತಿರ ಕೀವು ಮನೆ ಮಾಡಿಕೊಂಡಿದೆ, ಇನ್ನೊಮ್ಮೆ ತೆರೆದು ತೊಳೆದು ಹೊಲಿಯಬೇಕು ಎಂದು ವೈದ್ಯೆ ಹೇಳಿದ್ದಾರೆ. ಬರುವ ಬುಧವಾರ ಬೆಳಗ್ಗೆ ಎಂಟಕ್ಕೆ. ಬೇರೆ ಆಸ್ಪತ್ರೆಗೆ ಹೋಗೋಣವೆಂದರೆ ಅಷ್ಟು ದೂರದ ಪ್ರಯಾಣ ತಡೆಯುವ ಶಕ್ತಿ ಅವರ ಮೈಯಲ್ಲಿಲ್ಲ. ಅದೇ ಕೊಠಡಿ, ಅದೇ ಟೇಬಲ್ಲು. ಇನ್ನೊಂದು ಸೋಂಕನ್ನು ಆ ದೇಹ ತಾಳುವುದಿಲ್ಲ ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಬೇಡಿಕೆ ಎಂದೆ, ವಿನಂತಿ ಎನ್ನಲಿಲ್ಲ. ನಿಮ್ಮ ಸಭೆಯ ಕೋಣೆಯ ತೂಗುಬಾಗಿಲನ್ನು ಮಂಗಳವಾರದೊಳಗೆ ಬಿಚ್ಚಿಸಿ ಆಸ್ಪತ್ರೆಗೆ ವಾಪಸ್ ಕಳಿಸಿ. ಹೊಸದು ಬೇಡ, ಅದೇ ಚೌಕಟ್ಟು, ಅದೇ ತಿರುಪು ಮೊಳೆಯ ತೂತುಗಳು ಇನ್ನೂ ಹಾಗೆಯೇ ಇವೆ, ನಾನೇ ಬೆರಳಿಟ್ಟು ನೋಡಿ ಬಂದಿದ್ದೇನೆ. ಒಬ್ಬ ಬಡಗಿಗೆ ಅರ್ಧ ದಿನದ ಕೆಲಸ. ವಿಶ್ರಾಂತಿ ಕೊಠಡಿಯ ಬೀಗ ತೆಗೆಸಿ, ಕೂದಲು ಬೋಳಿಸುವ ಕೆಲಸವನ್ನು ಅಲ್ಲಿಗೆ ಕಳಿಸಿ. ನಿಮ್ಮ ಪರಿವೀಕ್ಷಕರು ದಣಿದರೆ ಪಡಸಾಲೆಯಲ್ಲಿ ನಮ್ಮ ಜೊತೆ ಬೆಂಚಿನ ಮೇಲೆ ಕೂರಲಿ, ನಾಲ್ಕು ವಿಷಯ ತಿಳಿದುಕೊಳ್ಳಲಿ. ಇನ್ನು ಆ ವಾಕ್ಯ. ಅದನ್ನು ಹಿಂತೆಗೆದುಕೊಂಡಿದ್ದೇವೆ ಎಂದು ನಿಮ್ಮ ಮುದ್ರೆಯೊಂದಿಗೆ ಬರೆದು ಕಳಿಸಿ. 'ವಿಷಾದಿಸುತ್ತೇವೆ', 'ಪರಿಶೀಲಿಸಲಾಗುವುದು' ಎಂದೆಲ್ಲ ಸುತ್ತಿ ಬಳಸಬೇಡಿ. 'ಸೋಂಕಿಗೆ ಮಾಲೀಕರು ಕಾರಣರಲ್ಲ' ಎಂದು ಬರೆದರೆ ಸಾಕು. ಅದನ್ನು ನಾನು ಅವನಿಗೆ ಒಂದಕ್ಷರ ಬಿಡದೆ ಓದಿ ಹೇಳಬೇಕಾಗಿದೆ.

ಇದು ಯಾವುದೂ ಆಗದಿದ್ದರೂ ಬುಧವಾರ ಬಂದೇ ಬರುತ್ತದೆ. ಅದಕ್ಕೂ ಏರ್ಪಾಡಾಗಿದೆ. ನಿನ್ನೆ ಕಣ್ಣೊರೆಸಿಕೊಂಡ ಮೇಲೆ ತಮ್ಮ ವೈದ್ಯೆಯನ್ನು ಕೇಳಿದ: "ಡಾಕ್ಟ್ರೇ, ಕೈ ತೊಳ್ದಾದ್ಮೇಲೆ ನಲ್ಲಿಯಿಂದ ಕಾಲು ತೆಗೀತೀರಲ್ಲ, ಆಗ ನೀರು ನಿಂತ ಸದ್ದು ನಂಗೆ ಕೇಳುತ್ತೆ. ಆಮ್ಯಾಲೆ ನಾಕು ಹೆಜ್ಜೆ. ಎರಡನೇ ಹೆಜ್ಜೆಗೆ ನಾನು ಚಿಲ್ಕ ತೆಗ್ದು ಬಾಗ್ಲು ಹಿಡ್ಕೊಂಡಿರ್ತೀನಿ. ಬಾಗ್ಲು ತೆಗ್ಯೋಕೆ ಕಣ್ ಬೇಕಾ?" ವೈದ್ಯೆ ಒಪ್ಪಿದರು. ಅಲ್ಲಿಯೇ ನಾಲ್ಕು ಸಲ ಅಭ್ಯಾಸ ಮಾಡಿದರು. ನಾಲ್ಕು ಸಲವೂ ಆಕೆಯ ಕೈ ಯಾವುದನ್ನೂ ಮುಟ್ಟಲಿಲ್ಲ. ಮೇಷ್ಟ್ರನ್ನು ಬೇರೆಯವರಿಗೆ ಕೊಡುವ ಮಾತನ್ನು ಅವನು ಮನೆಗೆ ಬರುವ ದಾರಿಯಲ್ಲಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹೊರಗಿನವರು ಪಡಸಾಲೆಯಲ್ಲಿ ನಿಲ್ಲಬಾರದೆಂಬ ನಿಯಮ ನಿಮ್ಮಲ್ಲಿ ಇದ್ದೇ ಇರುತ್ತದೆ, ಇಲ್ಲದಿದ್ದರೆ ಬುಧವಾರದೊಳಗೆ ಹುಟ್ಟುತ್ತದೆ. ಅವನನ್ನು ಅಲ್ಲಿಂದ ಎಬ್ಬಿಸಬೇಕೆನಿಸಿದರೆ ಗುಮಾಸ್ತರನ್ನು ಕಳಿಸಬೇಡಿ, ಕಾಗದ ಕಳಿಸಬೇಡಿ. ನೀವೇ ಬನ್ನಿ. ಅವನ ಎದುರಿಗೆ ನಿಂತು, ನಿನಗೆ ಕಣ್ಣಿಲ್ಲ, ನೀನು ಇಲ್ಲಿರಬೇಡ ಎಂದು ನಿಮ್ಮ ಬಾಯಿಂದಲೇ ಹೇಳಿ. ಅವನಿಗೆ ಒಮ್ಮೆ ಕೇಳಿದ ದನಿ ಮರೆಯುವುದಿಲ್ಲ.

ಇಂತಿ,
ನಿಮ್ಮ ಕೊಟ್ಟಿಗೆಗೆ ಸಂಬಳವಿಲ್ಲದೆ ಸಿಕ್ಕ ಬಾಗಿಲುಗಾರನ ಅಕ್ಕ